ನೂರಿಪ್ಪತ್ತು ಹಾಸಿಗೆಯ ಆಸ್ಪತ್ರೆಗೆ ಔಷಧ ಸುರಕ್ಷತೆಯ ಯಂತ್ರ: ಸ್ಕ್ಯಾನರ್ ಮೊದಲೋ, ಪಂಪ್ ಮೊದಲೋ, ಬೀರು ಮೊದಲೋ?

ವಾರ್ಡ್ ಇನ್‌ಚಾರ್ಜ್, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರು ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದು, ಈಗ ಮಹಿಳೆಯರ ಮೆಡಿಕಲ್ ವಾರ್ಡಿನ ಹೊಣೆ ನನ್ನ ಮೇಲಿದೆ. ನಮ್ಮ ಆಡಳಿತ ಮಂಡಳಿಯು ಈ ವರ್ಷ ಔಷಧ ಸುರಕ್ಷತೆಗೆಂದು ಒಂದಿಷ್ಟು ಹಣವನ್ನು ಎತ್ತಿಟ್ಟಿದೆ. ಮೂರು ಕಂಪನಿಯವರು ಬಂದು ಮೂರು ಬಗೆಯ ವಸ್ತುಗಳನ್ನು ತೋರಿಸಿ ಹೋಗಿದ್ದಾರೆ. ಒಂದು, ರೋಗಿಯ ಕೈಪಟ್ಟಿಯನ್ನೂ ಔಷಧದ ಮೇಲಿನ ಗೆರೆಗುರುತನ್ನೂ ಓದಿ ಹೊಂದಾಣಿಕೆ ನೋಡುವ ಬಾರ್‌ಕೋಡ್ ಸ್ಕ್ಯಾನರ್. ಎರಡನೆಯದು, ಔಷಧಗಳ ಮಿತಿಯನ್ನು ಮೊದಲೇ ತುಂಬಿಟ್ಟುಕೊಂಡು ರಕ್ತನಾಳಕ್ಕೆ ಔಷಧ ಹರಿಸುವ ಸ್ಮಾರ್ಟ್ ಪಂಪ್. ಮೂರನೆಯದು, ಬೆರಳಚ್ಚು ಕೊಟ್ಟರೆ ಮಾತ್ರ ಖಾನೆ ತೆರೆಯುವ ಸ್ವಯಂಚಾಲಿತ ಔಷಧದ ಬೀರು. ಮೂರನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಆಡಳಿತದವರಿಗೆ ಬೀರು ಬಹಳ ಹಿಡಿಸಿದೆ. ಬಂದವರಿಗೆ ತೋರಿಸಲು ಚೆನ್ನಾಗಿರುತ್ತದೆ ಎಂಬುದೂ ಅದಕ್ಕೆ ಒಂದು ಕಾರಣವಿರಬಹುದು.

ಈ ಹಣ ಹೊರಬರಲು ಕಾರಣವಾದ ಘಟನೆಯನ್ನೂ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ವಾರ್ಡಿನಲ್ಲಿ ಒಂದೇ ಸಮಯಕ್ಕೆ ಇಬ್ಬರು ಲಕ್ಷ್ಮಮ್ಮನವರಿದ್ದರು, ಒಬ್ಬರು ಐದನೆಯ ಹಾಸಿಗೆಯಲ್ಲಿ, ಇನ್ನೊಬ್ಬರು ಒಂಬತ್ತನೆಯದರಲ್ಲಿ. ಐದನೆಯವರ ರಕ್ತದೊತ್ತಡದ ಮಾತ್ರೆಗಳನ್ನು ರಾತ್ರಿಪಾಳಿಯ ಹುಡುಗಿಯೊಬ್ಬಳು ಒಂಬತ್ತನೆಯವರಿಗೆ ಕೊಟ್ಟಳು. "ಲಕ್ಷ್ಮಮ್ಮನವರೇನಾ?" ಎಂದು ಕೇಳಿಯೇ ಕೊಟ್ಟಿದ್ದಳು, ಅವರೂ ಹೌದೆಂದಿದ್ದರು. ಬೆಳಗಿನ ಜಾವ ಆ ತಾಯಿ ಶೌಚಾಲಯದ ಬಾಗಿಲಲ್ಲಿ ತಲೆ ತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಹುಡುಗಿ ಮಾತ್ರ ಕೆಲಸ ಬಿಟ್ಟು ಹೋದಳು. ಅವಳನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಯಾವುದನ್ನು ಮೊದಲು ತರಬೇಕು?

ಔಷಧ ವಿಭಾಗ, ಕೋಲಾರ

ಸಿಸ್ಟರ್, ನೀವು ಹೇಳಿದ ಘಟನೆಯೊಂದನ್ನೇ ನೋಡಿದರೆ ಉತ್ತರ ಸ್ಕ್ಯಾನರ್ ಎಂದೇ ಆಗುತ್ತದೆ, ಅದಕ್ಕೆ ಆಧಾರವೂ ಗಟ್ಟಿಯಾಗಿದೆ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾರ್‌ಕೋಡ್ ವ್ಯವಸ್ಥೆಯಿಲ್ಲದ ಕಡೆ ಔಷಧ ನೀಡಿಕೆಯ ದೋಷಗಳು ಶೇ. 11.5ರಷ್ಟಿದ್ದರೆ, ವ್ಯವಸ್ಥೆಯಿರುವ ಕಡೆ ಶೇ. 6.8ಕ್ಕೆ ಇಳಿದಿದ್ದವು, ವೈದ್ಯರ ಆದೇಶವನ್ನು ಕೈಯಲ್ಲಿ ನಕಲು ಮಾಡುವಾಗ ಆಗುತ್ತಿದ್ದ ಶೇ. 6.1ರಷ್ಟು ತಪ್ಪುಗಳಂತೂ ಪೂರ್ತಿ ಇಲ್ಲವಾದವು. ಇದು ಔಷಧವನ್ನು ಹೊತ್ತಿಗೆ ಮೊದಲೋ ತಡವಾಗಿಯೋ ಕೊಟ್ಟ ತಪ್ಪುಗಳನ್ನು ಸೇರಿಸದೆ ಹಾಕಿದ ಲೆಕ್ಕ.

ಆದರೆ ಕಂಪನಿಯವರು ಇದೇ ಅಂಕಿಗಳನ್ನು ತೋರಿಸುವಾಗ ಒಂದು ಸಂಗತಿಯನ್ನು ಹೇಳದೆ ಬಿಡುತ್ತಾರೆ. ಆ ಆಸ್ಪತ್ರೆಯಲ್ಲಿ ವೈದ್ಯರು ಆದೇಶವನ್ನು ಮೊದಲೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು, ಮತ್ತು ಅಲ್ಲಿನ ಫಾರ್ಮಸಿಯು ಪ್ರತಿಯೊಂದು ಡೋಸನ್ನೂ ಬಿಡಿಬಿಡಿಯಾಗಿ ಪೊಟ್ಟಣ ಕಟ್ಟಿ, ಅದರ ಮೇಲೆ ಬಾರ್‌ಕೋಡ್ ಅಂಟಿಸಿ ವಾರ್ಡಿಗೆ ಕಳಿಸುತ್ತಿತ್ತು. ನಮ್ಮಲ್ಲಿ ಏನಾಗುತ್ತದೆ? ರೋಗಿಯ ಕಡೆಯವರು ಚೀಟಿ ಹಿಡಿದು ಕೌಂಟರಿಗೆ ಹೋಗುತ್ತಾರೆ, ನಾವು ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತೇವೆ. ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ.

2023ರ ಆಗಸ್ಟ್ 1ರಿಂದ ದೇಶದಲ್ಲಿ ಮುನ್ನೂರು ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತ ಕಡ್ಡಾಯವಾಗಿದೆ ನಿಜ. ಆದರೆ ಅದನ್ನು ತಂದಿರುವುದು ನಕಲಿ ಔಷಧವನ್ನು ಗುರುತಿಸಲು, ಹಾಸಿಗೆಯ ಪಕ್ಕದಲ್ಲಿ ಹೊಂದಾಣಿಕೆ ನೋಡಲು ಅಲ್ಲ. ಲೇಬಲ್ಲಿನ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಡಬ್ಬಿಯ ಮೇಲೆ ಮುದ್ರಿಸಲು ಅವಕಾಶವಿದೆ, ಡಬ್ಬಿ ಫಾರ್ಮಸಿಯ ಕಸದ ಬುಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಸ್ಕ್ಯಾನರ್ ಕೊಂಡ ಮರುದಿನ ಸಿಸ್ಟರ್ ಅದರಿಂದ ಏನನ್ನು ಓದಿಸುತ್ತಾರೆ ಎಂಬ ಪ್ರಶ್ನೆಯನ್ನು ಆ ಕಂಪನಿಯವರಿಗೆ ಕೇಳಿ ನೋಡಿ.

ರಾತ್ರಿಪಾಳಿ, ಚಿಂತಾಮಣಿ

ನಾನು ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ಏಳು ವರ್ಷ ಐಸಿಯು ನರ್ಸ್ ಆಗಿದ್ದು ಊರಿಗೆ ಮರಳಿದ್ದೇನೆ. ಅಲ್ಲಿ ಸ್ಕ್ಯಾನರ್ ಇತ್ತು, ಬೀರು ಇತ್ತು, ಪಂಪ್ ಇತ್ತು. ಆ ವ್ಯವಸ್ಥೆ ನನ್ನನ್ನು ಎರಡು ಸಲ ದೊಡ್ಡ ತಪ್ಪಿನಿಂದ ತಡೆದಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಬೆವರಿಗೆ ಮಸುಕಾದ ಕೈಪಟ್ಟಿಯನ್ನು ಯಂತ್ರ ಓದುತ್ತಿರಲಿಲ್ಲ. ಮಲಗಿರುವ ರೋಗಿಯನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಕೈ ತಿರುಗಿಸಿದರೆ ಬೈಸಿಕೊಳ್ಳಬೇಕಿತ್ತು. ಆದ್ದರಿಂದ ನಾವು ಪ್ರತಿ ರೋಗಿಯ ಇನ್ನೊಂದು ಕೈಪಟ್ಟಿಯನ್ನು ಮುದ್ರಿಸಿ, ಡ್ಯೂಟಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಕೊಂಡಿದ್ದೆವು. ಮೇಜಿನ ಬಳಿಯಲ್ಲೇ ನಿಂತು ಪಟ್ಟಿಯನ್ನೂ ಔಷಧವನ್ನೂ ಓದಿಸುವುದು, ಹಸಿರು ಬಂದ ಮೇಲೆ ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟುಕೊಂಡು ಹೊರಡುವುದು. ದಾಖಲೆಯಲ್ಲಿ ನಮ್ಮ ವಾರ್ಡಿನ ಸ್ಕ್ಯಾನಿಂಗ್ ನೂರಕ್ಕೆ ನೂರು ಇತ್ತು, ನಮಗೆ ಕೇಕನ್ನೂ ತಂದು ತಿನ್ನಿಸಿದ್ದರು.

ನಾವು ಮಾತ್ರ ಹೀಗಿದ್ದೆವು ಎಂದುಕೊಂಡಿದ್ದೆ. ಆಮೇಲೆ ಓದಿದರೆ, ಅಮೆರಿಕದ ಐದು ಆಸ್ಪತ್ರೆಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನರ್ಸ್‌ಗಳು ಬಾರ್‌ಕೋಡ್ ತಪಾಸಣೆಯನ್ನು ತಪ್ಪಿಸಿ ದಾಟುವ ಹದಿನೈದು ಬಗೆಯ ಅಡ್ಡದಾರಿಗಳನ್ನು ದಾಖಲಿಸಿದ್ದಾರೆ. ಅದಕ್ಕೆ ಅವರು ಗುರುತಿಸಿದ ಕಾರಣಗಳು ಮೂವತ್ತೊಂದು: ಸುಕ್ಕಾದ ಸಂಕೇತ, ಸಂಕೇತವೇ ಇಲ್ಲದ ಔಷಧ, ಸತ್ತ ಬ್ಯಾಟರಿ, ಕೈಕೊಡುವ ವೈಫೈ, ತುರ್ತು ಸಂದರ್ಭ. ಅಡ್ಡದಾರಿ ಹಿಡಿದವಳನ್ನು ಹೆದರಿಸಿ ಫಲವಿಲ್ಲ. ಅವಳು ಎಲ್ಲಿ ತಿರುಗಿದಳೋ ಅಲ್ಲಿ ನೇರ ದಾರಿಯಲ್ಲಿ ಏನೋ ಬಿದ್ದಿದೆ ಎಂದು ತಿಳಿದು ಹೋಗಿ ನೋಡಬೇಕು.

ಉಪಕರಣ ವಿಭಾಗ, ತುಮಕೂರು

ನಾನು ಈ ಜಿಲ್ಲೆಯ ಹಲವು ಆಸ್ಪತ್ರೆಗಳ ಉಪಕರಣಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್. ಪಂಪ್‌ಗಳ ಬಗ್ಗೆ ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ.

ಸ್ಕ್ಯಾನರ್ ಸರಿಯಾದ ರೋಗಿ, ಸರಿಯಾದ ಔಷಧ ಎಂಬುದನ್ನು ನೋಡುತ್ತದೆ. ಗಂಟೆಗೆ 5 ಮಿಲಿ ಹೋಗಬೇಕಾದದ್ದು 50 ಮಿಲಿ ಹೋದರೆ ಅದಕ್ಕೆ ತಿಳಿಯುವುದಿಲ್ಲ. ಸಾಮಾನ್ಯ ಸಿರಿಂಜ್ ಪಂಪಿಗೂ ತಿಳಿಯುವುದಿಲ್ಲ, ಏಕೆಂದರೆ ಅದಕ್ಕೆ ಒಳಗಿರುವುದು ನೀರೋ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ನೋ ಎಂಬುದೇ ಗೊತ್ತಿಲ್ಲ. ಸ್ಮಾರ್ಟ್ ಪಂಪಿನಲ್ಲಿ ಔಷಧದ ಹೆಸರನ್ನು ಆರಿಸಿಕೊಂಡರೆ ಎರಡು ಗಡಿಗಳು ಜಾರಿಗೆ ಬರುತ್ತವೆ: ಮೊದಲನೆಯದನ್ನು ದಾಟಿದರೆ ಎಚ್ಚರಿಸಿ, ಖಚಿತಪಡಿಸಿದರೆ ಮುಂದೆ ಬಿಡುತ್ತದೆ, ಎರಡನೆಯದನ್ನು ದಾಟಲು ಬಿಡುವುದೇ ಇಲ್ಲ.

ಆದರೆ ಆ ಗಡಿಗಳನ್ನು ಬರೆಯುವವರು ಯಾರು? ಕಂಪನಿಯವರು ಬೇರೆ ದೇಶದ ಪಟ್ಟಿಯೊಂದನ್ನು ತುಂಬಿ ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಕುಸಿದ ರಕ್ತದೊತ್ತಡವನ್ನು ಏರಿಸುವ ನಾರ್‌ಅಡ್ರಿನಲಿನ್ ಎರಡು ಮಿಲಿಯ ಆಂಪೂಲಿನಲ್ಲಿ, ಅಂದರೆ ಕುತ್ತಿಗೆ ಒಡೆದು ತೆರೆಯುವ ಗಾಜಿನ ಸೀಸೆಯಲ್ಲಿ ಬರುತ್ತದೆ. ಅದರ ಮೇಲೆ ಬೈಟಾರ್ಟ್ರೇಟ್ ಲವಣದ ತೂಕವೂ ಇರುತ್ತದೆ, ಮೂಲ ಔಷಧದ ತೂಕವೂ ಇರುತ್ತದೆ. ಮೊದಲನೆಯದು ಎರಡನೆಯದರ ಎರಡರಷ್ಟು. ಐಸಿಯುದಲ್ಲಿ ಒಬ್ಬ ವೈದ್ಯರು ಒಂದನ್ನು ಲೆಕ್ಕಕ್ಕೆ ಹಿಡಿದು, ಇನ್ನೊಬ್ಬರು ಮತ್ತೊಂದನ್ನು ಹಿಡಿದರೆ ಪಂಪ್ ಇಬ್ಬರಿಗೂ ತಲೆಯಾಡಿಸುತ್ತದೆ. ಮೊದಲು ಆಸ್ಪತ್ರೆಗೆಲ್ಲ ಒಂದೇ ಮಿಶ್ರಣ, ಒಂದೇ ಲೆಕ್ಕ ಎಂದು ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳಿ, ಪಂಪ್ ಆಮೇಲೆ ಬರಲಿ. ನಿಮ್ಮದು ಮೆಡಿಕಲ್ ವಾರ್ಡ್ ಆಗಿರುವುದರಿಂದ ಅಲ್ಲಿ ಪಂಪಿನ ಕೆಲಸ ಕಡಿಮೆ. ಐಸಿಯುಗೆ ಮಾತ್ರ ನಾಲ್ಕೈದು ಸಾಕು.

ಶುಶ್ರೂಷಾಧಿಕಾರಿ, ಕೋಲಾರ ಜಿಲ್ಲೆ

ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿರುವ ನನಗೆ ನಿಮ್ಮೆಲ್ಲರ ಮಾತು ಸಂತೆಯಲ್ಲಿ ನಿಂತು ಬೆಳ್ಳಿ ಅಂಗಡಿ ನೋಡಿದಂತಿದೆ. ಆದರೂ ಎರಡು ಮೂರು ಸಂಗತಿಗಳನ್ನು ಹೇಳಬೇಕೆನ್ನಿಸಿತು.

ಟೊಮೆಟೊ ಬೆಳೆಯುವ ಊರುಗಳು ನಮ್ಮವು. ಕೀಟನಾಶಕ ಕುಡಿದವರನ್ನು ಟೆಂಪೋದಲ್ಲಿ ಹಾಕಿಕೊಂಡು ತರುತ್ತಾರೆ. ಆ ವಿಷದ ಪರಿಣಾಮವನ್ನು ಇಳಿಸುವ ಅಟ್ರೊಪಿನ್ ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಮೊದಲು ಐದು ಆಂಪೂಲ್ ಹಾಕುತ್ತೇವೆ. ಐದು ನಿಮಿಷ ಕಾದು ಎದೆಯ ಸದ್ದು ತಿಳಿಯಾಗದಿದ್ದರೆ ಹತ್ತು, ಮತ್ತೆ ಇಪ್ಪತ್ತು. ಒಬ್ಬರು ಒಡೆಯುತ್ತಿದ್ದರೆ ಇನ್ನೊಬ್ಬರು ಎಳೆಯುತ್ತಿರಬೇಕು. ಅಲ್ಲಿ ಪ್ರತಿ ಆಂಪೂಲನ್ನೂ ಓದಿಸು ಎನ್ನುವ ಯಂತ್ರವನ್ನು ನಾನು ಕಿಟಕಿಯಿಂದ ಆಚೆ ಎಸೆದೇನು. ನೀವು ಯಾವುದನ್ನೇ ಕೊಂಡರೂ ತುರ್ತಿನಲ್ಲಿ ಅದನ್ನು ಬದಿಗಿಟ್ಟು ಕೆಲಸ ಮಾಡಿ, ಆಮೇಲೆ ಲೆಕ್ಕ ಬರೆಯುವ ದಾರಿಯನ್ನು ಮೊದಲೇ ಇಟ್ಟುಕೊಳ್ಳಿ. ನಾವು ಖಾಲಿ ಆಂಪೂಲ್‌ಗಳನ್ನು ಒಂದು ಟ್ರೇಯಲ್ಲಿ ಉಳಿಸಿಕೊಂಡು, ರೋಗಿ ಸ್ಥಿರವಾದ ಮೇಲೆ ಎಣಿಸಿ ಬರೆಯುತ್ತೇವೆ.

ಎರಡನೆಯದು ಇನ್ಸುಲಿನ್. ನಮ್ಮಲ್ಲಿ ವಯಲ್, ಅಂದರೆ ಸಣ್ಣ ಸೀಸೆ, ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು, ಪೆನ್ನಿನದು 100 ಯೂನಿಟ್‌ನದು. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ರೋಗಿಯ ಕಡೆಯವರು 100ರದನ್ನು ತಂದಿಟ್ಟಿದ್ದು, ವಾರ್ಡಿನಲ್ಲಿ ಕೆಂಪು ಸಿರಿಂಜ್ ಮಾತ್ರ ಇದ್ದು, ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ರೋಗಿ ಸರಿ, ಔಷಧ ಸರಿ, ಆದೇಶ ಸರಿ, ಸ್ಕ್ಯಾನರಿನಲ್ಲಿ ಹಸಿರು ದೀಪ, ರೋಗಿಗೆ ಮಾತ್ರ ಪ್ರಜ್ಞೆ ಇಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ. ಒಂದು ಆಸ್ಪತ್ರೆಯಲ್ಲಿ ಒಂದೇ ಬಗೆಯ ವಯಲ್, ಒಂದೇ ಬಗೆಯ ಸಿರಿಂಜ್ ಇರಬೇಕು. ಹಾಗೆಯೇ, 10 ಮಿಲಿಯಲ್ಲಿ 20 ಮಿಲಿಈಕ್ವಿವಲೆಂಟ್ (mEq) ಇರುವ, ನೇರವಾಗಿ ಚುಚ್ಚಿದರೆ ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲಿ ಇಟ್ಟುಕೊಂಡ ವಾರ್ಡಿಗೆ ಬೆರಳಚ್ಚಿನ ಬೀರು ಬಂದರೆಷ್ಟು, ಬಿಟ್ಟರೆಷ್ಟು.

ಕೊನೆಯದು, ಲಕ್ಷ್ಮಮ್ಮನವರ ವಿಷಯ. ಕಂಪನಿಯವರ ತಂತ್ರಾಂಶದಲ್ಲಿ ಹೆಸರು ಮತ್ತು ಉಪನಾಮ ಎಂದು ಎರಡು ಖಾನೆ ಇರುತ್ತದೆ. ನಮ್ಮ ಕಡೆ ಉಪನಾಮ ಎಲ್ಲಿದೆ? ಕೋಂ ಎಂದೋ ಬಿನ್ ಎಂದೋ ಬರೆದು ಗುರುತಿಸುತ್ತೇವೆ. ಗಂಡನ ಹೆಸರು ಕೇಳಿದರೆ ವಯಸ್ಸಾದ ಹೆಂಗಸರು ಬಾಯಿ ಬಿಡುವುದಿಲ್ಲ, ಪಕ್ಕದ ಹಾಸಿಗೆಯವರ ಕಡೆ ನೋಡಿ ನಗುತ್ತಾರೆ. ಊರನ್ನು ಕೇಳಿ, ಅದನ್ನು ಹೇಳಲು ಯಾರಿಗೂ ಸಂಕೋಚವಿಲ್ಲ. "ಲಕ್ಷ್ಮಮ್ಮನವರೇನಾ?" ಎಂದು ಎಂದೂ ಕೇಳಬೇಡಿ, "ನಿಮ್ಮ ಹೆಸರೇನಮ್ಮ? ಯಾವೂರು?" ಎಂದು ಅವರ ಬಾಯಿಂದಲೇ ಹೇಳಿಸಿ.

ಅರಿವಳಿಕೆ ವೈದ್ಯ, ಚಿಕ್ಕಬಳ್ಳಾಪುರ

ಬೀರಿನ ಬಗ್ಗೆ ಒಂದು ಮಾತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ದೊಡ್ಡ ಆಸ್ಪತ್ರೆಯೊಂದರಲ್ಲಿ ನಡೆದ ಘಟನೆಯನ್ನು ನಿಮ್ಮ ಆಡಳಿತದವರಿಗೆ ಓದಿ ಹೇಳಿ. ಸ್ಕ್ಯಾನಿಗೆ ಬಂದಿದ್ದ ವೃದ್ಧೆಯೊಬ್ಬರಿಗೆ ಆತಂಕ ಕಡಿಮೆಯಾಗಲೆಂದು ವರ್ಸೆಡ್ ಬರೆದಿದ್ದರು. ಮಿಡಜೋಲಾಮ್ ಔಷಧದ ಬ್ರ್ಯಾಂಡ್ ಹೆಸರದು. ನರ್ಸ್ ಬೀರಿನ ಪರದೆಯಲ್ಲಿ ಆ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರು. ಬೀರು ಹುಡುಕುತ್ತಿದ್ದುದು ಮೂಲ ಔಷಧಗಳ ಹೆಸರಿನಲ್ಲಿ, ಆದ್ದರಿಂದ ವರ್ಸೆಡ್ ಬರಲಿಲ್ಲ. ಅವರು ತುರ್ತು ಅನುಮತಿಯ ಗುಂಡಿ ಒತ್ತಿದಾಗ ಅದೇ ಎರಡು ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ ಬಂತು. ನಾವು ಶಸ್ತ್ರಚಿಕಿತ್ಸೆಯಲ್ಲಿ ಉಸಿರಾಟವನ್ನು ನಮ್ಮ ಕೈಗೆ ತೆಗೆದುಕೊಂಡು ಸ್ನಾಯುಗಳನ್ನು ಸಡಿಲಿಸಲು ಕೊಡುವ ಔಷಧ ಅದು, ಅದು ಮೈಗೆ ಹೋದರೆ ರೋಗಿ ತಾನಾಗಿ ಉಸಿರಾಡಲಾರ. ಆ ತಾಯಿ ಬದುಕಲಿಲ್ಲ. ಅವರಿಗೆ ಔಷಧ ಕೊಟ್ಟ ಜಾಗದಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇರಲಿಲ್ಲ. 2022ರಲ್ಲಿ ಆ ನರ್ಸ್‌ಗೆ ನ್ಯಾಯಾಲಯವು ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು.

ವರ್ಸೆಡ್ ದ್ರವವಾಗಿ ಬರುತ್ತದೆ, ಪುಡಿಯ ರೂಪದಲ್ಲಿದ್ದ ಇದನ್ನು ಕಲಸುವಾಗಲಾದರೂ ಅನುಮಾನ ಬರಬೇಕಿತ್ತು ಎನ್ನುವವರಿದ್ದಾರೆ. ಅದೂ ಸರಿಯೇ. ಆದರೆ ಕನಿಷ್ಠ ಐದು ಅಕ್ಷರಗಳನ್ನು ಒತ್ತಿದ ಮೇಲೆ ಮಾತ್ರ ಬೀರು ಹೆಸರು ತೋರಿಸಬೇಕು ಎಂಬ ಶಿಫಾರಸು ಅಲ್ಲಿ ಬಲವಾಗಿ ಕೇಳಿಬಂದದ್ದು ಈ ಸಾವಿನ ನಂತರವೇ. ಮತ್ತು ನಿಮ್ಮ ಬೀರಿನಲ್ಲಿ ಸ್ನಾಯು ಸಡಿಲಿಸುವ ಔಷಧಕ್ಕೆ ಜಾಗವೇ ಇರಬಾರದು. ಅದು ಓಟಿ ಮತ್ತು ಐಸಿಯು ಬಿಟ್ಟು ಹೊರಗೆ ಬರಬಾರದು.

ರಾತ್ರಿಪಾಳಿ, ಚಿಂತಾಮಣಿ

ಡಾಕ್ಟರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಈ ಚರ್ಚೆಯುದ್ದಕ್ಕೂ ಸಿಸ್ಟರ್‌ಗಳ ಕೈಯನ್ನೇ ನೋಡುತ್ತಿದ್ದೇವೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಆದೇಶ ಹೇಳಿ, ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಸಹಿ ಹಾಕುವವರು ಯಾರು? ಔಷಧಗಳ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತ್ತು. ನನ್ನ ವಾರ್ಡಿನಲ್ಲಿ ಅದನ್ನು ಪಾಲಿಸುವವರು ಹೊಸದಾಗಿ ಬಂದ ಡ್ಯೂಟಿ ಡಾಕ್ಟರ್ ಒಬ್ಬರೇ. ಆದೇಶ ಕಂಪ್ಯೂಟರಿಗೆ ಬಾರದೆ ಸ್ಕ್ಯಾನರ್ ಹೋಲಿಸುವುದು ಯಾವುದರ ಜೊತೆಗೆ? ಕೊನೆಗೆ ಕೇಸ್ ಶೀಟ್ ನೋಡಿ ಕಂಪ್ಯೂಟರಿಗೆ ಟೈಪ್ ಮಾಡುವ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ. ಆಗ ನಮ್ಮದೇ ಟೈಪಿಂಗ್ ತಪ್ಪಿಗೆ ಯಂತ್ರ ಸರಿ ಎಂಬ ಮುದ್ರೆ ಒತ್ತುತ್ತದೆ.

ಅರಿವಳಿಕೆ ವೈದ್ಯ, ಚಿಕ್ಕಬಳ್ಳಾಪುರ

ತಪ್ಪೊಪ್ಪಿಕೊಳ್ಳುತ್ತೇನೆ, ಸಿಸ್ಟರ್. ಫೋನ್ ಆದೇಶವನ್ನು ಪೂರ್ತಿ ನಿಲ್ಲಿಸಲಾಗದು. ಆದರೆ ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿದ ಮೇಲೆ ಮಾತ್ರ ಔಷಧ ಕೊಡುವುದು ಎಂಬ ನಿಯಮವನ್ನು ನಾನು ಪಾಲಿಸಿದ್ದೇನೆ. ಹದಿನೈದು ಎಂದದ್ದು ಐವತ್ತಾಗಿದ್ದು ಒಮ್ಮೆ ಅಲ್ಲೇ ಸಿಕ್ಕಿಬಿದ್ದಿತ್ತು. ಇಂಗ್ಲಿಷಿನಲ್ಲಿ ಹೇಳಿದಾಗ ಆ ಎರಡೂ ಕಿವಿಗೆ ಒಂದೇ.

ವಾರ್ಡ್ ಇನ್‌ಚಾರ್ಜ್, ತುಮಕೂರು

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ನಮ್ಮ ದೋಷಗಳು ಯಾವ ಹಂತದಲ್ಲಿ ಆಗುತ್ತಿವೆ ಎಂದು ನೋಡಲು ಕಳೆದ ಒಂದು ವರ್ಷದ ಘಟನಾ ಪುಸ್ತಕವನ್ನು ತೆಗೆಸಿದೆ. ಅದರಲ್ಲಿ ಬರೆದಿದ್ದುದು ಬರೀ ಬಿದ್ದ ರೋಗಿಗಳ ವಿಷಯ ಮತ್ತು ಕಳೆದುಹೋದ ಬಿ.ಪಿ. ಉಪಕರಣದ ವಿಷಯ. ಔಷಧದ ತಪ್ಪು ಎಂದು ಇದ್ದದ್ದು ಲಕ್ಷ್ಮಮ್ಮನವರದೊಂದೇ. ಅಂದರೆ ತಪ್ಪುಗಳು ಆಗುತ್ತಿಲ್ಲ ಎಂದಲ್ಲ. ಹಿಂದೊಮ್ಮೆ ಬರೆದವರಿಗೆ ಸಂಬಳ ಕಡಿತವಾಗಿತ್ತು, ಅಂದಿನಿಂದ ಯಾರೂ ತಾವಾಗಿ ಬರೆಯುತ್ತಿಲ್ಲ.

ಹಾಗಾಗಿ ನರ್ಸಿಂಗ್ ಸೂಪರಿಂಟೆಂಡೆಂಟರ ಒಪ್ಪಿಗೆ ಪಡೆದು, ಬರೆದವರು ಹೆಸರು ಹಾಕಬೇಕಿಲ್ಲದ ಒಂದು ನೋಟ್‌ಬುಕ್ಕನ್ನು ಔಷಧದ ಟ್ರಾಲಿಗೆ ಕಟ್ಟಿದ್ದೇನೆ. ಕೊಡುವ ಮೊದಲೇ ಸಿಕ್ಕಿಬಿದ್ದ ತಪ್ಪನ್ನೂ ಅದರಲ್ಲಿ ಬರೆಯಬೇಕು. ಮೊದಲ ವಾರ ಪುಟ ಖಾಲಿಯೇ ಇತ್ತು. ನಾನೇ ನನ್ನ ಒಂದು ತಪ್ಪನ್ನು ಸಹಿ ಸಮೇತ ಬರೆದೆ. ಆಮೇಲೆ ಬರೆಯತೊಡಗಿದರು. ಆರು ವಾರಗಳ ನಂತರ ಓದಿದರೆ, ಹೆಚ್ಚಿನವು ಎರಡೇ ಬಗೆಯವು: ವೈದ್ಯರು ಬರೆಯುವ ಕೇಸ್ ಶೀಟಿನಿಂದ ನಾವು ನೋಡಿ ಔಷಧ ಕೊಡುವ ಡ್ರಗ್ ಚಾರ್ಟಿಗೆ ಇಳಿಸುವಾಗ ಆದವು, ಮತ್ತು ಕತ್ತರಿಸಿದ ಸ್ಟ್ರಿಪ್ಪು ಯಾವುದೆಂದು ತಿಳಿಯದೆ ಆದವು. ಬೀರಿನಿಂದ ಇವೆರಡೂ ತಪ್ಪುವುದಿಲ್ಲ.

ಬೋಧಕ, ನರ್ಸಿಂಗ್ ಕಾಲೇಜು

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಸಿಸ್ಟರ್, ನೋಟ್‌ಬುಕ್ಕಿನಲ್ಲಿ ತಪ್ಪಿನ ಜೊತೆಗೆ "ಆಗ ಯಾರು ಕರೆದರು" ಎಂಬ ಒಂದು ಖಾನೆಯನ್ನೂ ಸೇರಿಸಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳನ್ನು ಹತ್ತಿರದಿಂದ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ಕೊಡುವಾಗ ಬರುವ ಪ್ರತಿ ಅಡಚಣೆಗೂ ಕ್ಲಿನಿಕಲ್ ದೋಷಗಳು ಶೇ. 12.7ರಷ್ಟು ಏರುವುದು ಕಂಡುಬಂದಿತ್ತು. ನಮ್ಮ ವಾರ್ಡುಗಳಲ್ಲಿ ರಾತ್ರಿ ಎಂಟರ ಔಷಧದ ಹೊತ್ತೂ, ನೋಡಲು ಬರುವವರ ಹೊತ್ತೂ, ಡಿಸ್ಚಾರ್ಜ್ ಬಿಲ್ಲಿನ ಫೋನಿನ ಹೊತ್ತೂ ಒಂದೇ ಆಗಿರುತ್ತದೆ. ಸ್ಕ್ಯಾನರ್ ಬಂದ ಮೇಲೆ ಇದಕ್ಕೆ ಅದರ ಕೀಚು ಸದ್ದೂ ಸೇರುತ್ತದೆ. ಎಲ್ಲದಕ್ಕೂ ಎಚ್ಚರಿಕೆ ಕೊಡುವಂತೆ ತಂತ್ರಾಂಶವನ್ನು ಬಿಟ್ಟರೆ ಮೂರನೆಯ ದಿನದಿಂದ ಯಾರೂ ಓದದೆ ಸರಿ ಎಂದು ಒತ್ತುತ್ತಾರೆ.

ಇನ್ನೊಂದು ಸಣ್ಣ ಮಾತು. ಡೋಪಮಿನ್, ಡೋಬ್ಯುಟಮಿನ್‌ಗಳಂತಹ ಜೋಡಿ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲಿ ಎತ್ತಿ ಬರೆಯುವ ಪದ್ಧತಿ ಇದೆ. ಕನ್ನಡದಲ್ಲಿ ಲೇಬಲ್ ಮುದ್ರಿಸುವವರಿಗೆ ಆ ಸೌಲಭ್ಯವಿಲ್ಲ, ನಮ್ಮ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲವಲ್ಲ. ಆ ಭಾಗಕ್ಕೆ ಕಪ್ಪು ಹಿನ್ನೆಲೆ ಕೊಟ್ಟು ಬಿಳಿಯಲ್ಲಿ ಮುದ್ರಿಸಿ ನೋಡಿ.

ಔಷಧ ವಿಭಾಗ, ಕೋಲಾರ

ಹಾಗಾದರೆ ನಿಮ್ಮ ದಾರಿ ಸ್ಪಷ್ಟವಾಗಿದೆ ಸಿಸ್ಟರ್. ಹಣದ ಮೊದಲ ಕಂತು ಲೇಬಲ್ ಮುದ್ರಕಕ್ಕೆ ಹೋಗಲಿ, ಸ್ಕ್ಯಾನರ್ ಆಮೇಲೆ. ಫಾರ್ಮಸಿಯಿಂದ ಪ್ರತಿ ರೋಗಿಗೆ ಇಪ್ಪತ್ನಾಲ್ಕು ಗಂಟೆಯ ಔಷಧವನ್ನು ಹೊತ್ತಿಗೊಂದರಂತೆ ಪೊಟ್ಟಣ ಕಟ್ಟಿ, ಅದರ ಮೇಲೆ ಹೆಸರು, ಊರು, ಆಸ್ಪತ್ರೆ ಸಂಖ್ಯೆ, ಔಷಧ, ಪ್ರಮಾಣ, ಬ್ಯಾಚ್, ಅವಧಿ ಇಷ್ಟನ್ನೂ ಮುದ್ರಿಸಿ, ಕ್ಯೂಆರ್‌ನಂಥ ಒಂದು ಚೌಕ ಸಂಕೇತವನ್ನು ಹಾಕಬೇಕು. ಉದ್ದ ಗೆರೆಗಳ ಸಂಕೇತ ತೆಳು ಕೈಯ ಮೇಲೆ ಬಾಗಿದರೆ ಓದಿಸಿಕೊಳ್ಳುವುದಿಲ್ಲ, ಆದ್ದರಿಂದ ಕೈಪಟ್ಟಿಗೂ ಚೌಕದ್ದೇ ಇರಲಿ.

ಆದರೆ ಇದರ ಅಪಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸ್ಕ್ಯಾನರ್ ಓದುವುದು ಲೇಬಲನ್ನು, ಔಷಧವನ್ನಲ್ಲ. ನಾವು ಪೊಟ್ಟಣ ಕಟ್ಟುವಾಗ ತಪ್ಪಿದರೆ ಆ ತಪ್ಪು ಹಸಿರು ದೀಪದ ಜೊತೆಗೇ ರೋಗಿಯನ್ನು ತಲಪುತ್ತದೆ. ಕಟ್ಟುವವರು ಒಬ್ಬರು, ನೋಡುವವರು ಇನ್ನೊಬ್ಬರು ಇರಲೇಬೇಕು, ರಾತ್ರಿಯೂ ಒಬ್ಬ ಫಾರ್ಮಸಿಸ್ಟ್ ಬೇಕು. ಕಂಪನಿಯವರ ದರಪಟ್ಟಿಯಲ್ಲಿ ಈ ಸಂಬಳ ಇರುವುದಿಲ್ಲ, ನಿಮ್ಮ ಲೆಕ್ಕದಲ್ಲಿ ಇರಲಿ. ಔಷಧದಿಂದಲೇ ಆದ ದುಷ್ಪರಿಣಾಮ ಎನಿಸಿದರೆ ಅದು ಬೇರೆ ದಾರಿ: 2010ರಿಂದ ನಡೆಯುತ್ತಿರುವ ಭಾರತದ ಔಷಧ ನಿಗಾ ಕಾರ್ಯಕ್ರಮಕ್ಕೆ ನರ್ಸ್‌ಗಳೂ ನೇರವಾಗಿ ವರದಿ ಮಾಡಬಹುದು.

ಉಪಕರಣ ವಿಭಾಗ, ತುಮಕೂರು

ಒಪ್ಪಂದಕ್ಕೆ ಮೊದಲು ಯಂತ್ರವನ್ನು ಹದಿನೈದು ದಿನ ನಿಮ್ಮ ವಾರ್ಡಿನಲ್ಲೇ ಇಟ್ಟು ನೋಡಿ. ಮೀಟಿಂಗ್ ಹಾಲಿನಲ್ಲಿ ಎಲ್ಲ ಸ್ಕ್ಯಾನರೂ ಓದುತ್ತದೆ. ಮೂಲೆಯ ಹಾಸಿಗೆಯಲ್ಲಿ, ಎಕ್ಸ್‌ರೇ ಕೋಣೆಯ ಸೀಸದ ಗೋಡೆಗೆ ಅಂಟಿದ ಜಾಗದಲ್ಲಿ ವೈಫೈ ಇದೆಯೇ, ಕರೆಂಟ್ ಹೋಗಿ ಜನರೇಟರ್ ಹಿಡಿದುಕೊಳ್ಳುವ ಆ ಕೆಲವು ಸೆಕೆಂಡುಗಳಲ್ಲಿ ಓದಿಸಿದ್ದು ದಾಖಲಾಗುತ್ತದೆಯೇ ಎಂಬುದನ್ನು ನೀವೇ ಪರೀಕ್ಷಿಸಿ. ಪಾವಗಡದ ಬಿಸಿಲಿನಿಂದ ಎಷ್ಟು ವಿದ್ಯುತ್ ಬಂದರೂ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಅದಕ್ಕೆ ಬೆಲೆ ಕೊಡುವುದಿಲ್ಲ. ಪ್ರತಿ ಪಾಳಿಯ ಶುರುವಿನಲ್ಲಿ ಡ್ರಗ್ ಚಾರ್ಟಿನ ಒಂದು ಪ್ರತಿಯನ್ನು ಕಾಗದದಲ್ಲಿ ತೆಗೆದಿಟ್ಟುಕೊಳ್ಳಿ. ಆದರೆ ಕಾಗದದಲ್ಲೂ ಕಂಪ್ಯೂಟರಿನಲ್ಲೂ ಎರಡೆರಡು ಕಡೆ ಬರೆಯುವ ಕಾಲವನ್ನು ಎಳೆಯಬೇಡಿ. ಎರಡರಲ್ಲಿ ಒಂದು ಸುಳ್ಳಾಗುವುದು ಆಗಲೇ.

ವಾರ್ಡ್ ಇನ್‌ಚಾರ್ಜ್, ತುಮಕೂರು

ಐದು ತಿಂಗಳ ನಂತರ ಬರೆಯುತ್ತಿದ್ದೇನೆ. ಬೀರನ್ನು ಕೈಬಿಡಲಾಯಿತು. ಆಡಳಿತದವರನ್ನು ಒಪ್ಪಿಸಿದ್ದು ನ್ಯಾಶ್‌ವಿಲ್‌ನ ಕತೆಗಿಂತ ನಮ್ಮ ನೋಟ್‌ಬುಕ್ಕೇ. ಫಾರ್ಮಸಿಗೆ ಲೇಬಲ್ ಮುದ್ರಕ ಬಂದಿದೆ, ರಾತ್ರಿಗೂ ಒಬ್ಬ ಫಾರ್ಮಸಿಸ್ಟ್ ಬಂದಿದ್ದಾರೆ. ಕೈಪಟ್ಟಿ ಮತ್ತು ಸ್ಕ್ಯಾನರ್ ಸದ್ಯಕ್ಕೆ ನಮ್ಮ ವಾರ್ಡಿನಲ್ಲಿ ಮಾತ್ರ. ಇನ್ಸುಲಿನ್ ಸಿರಿಂಜ್ ಈಗ ಒಂದೇ ಬಗೆಯದು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಪೊಟ್ಯಾಸಿಯಂ ವಾರ್ಡಿನಿಂದ ಹೊರಗೆ ಹೋಯಿತು. ಹಿರಿಯ ವೈದ್ಯರಲ್ಲಿ ಇಬ್ಬರು ಇನ್ನೂ ಕಂಪ್ಯೂಟರ್ ಮುಟ್ಟಿಲ್ಲ, ಅವರ ಆದೇಶವನ್ನು ಡ್ಯೂಟಿ ಡಾಕ್ಟರ್ ಸೇರಿಸುತ್ತಾರೆ.

ಕಷ್ಟಗಳೂ ಇವೆ. ಪೊಟ್ಟಣ ಕಟ್ಟಿದ ಮಾತ್ರೆ ಉಳಿದರೆ ಹಣ ವಾಪಸ್ ಕೊಡುವುದು ಹೇಗೆಂದು ಬಿಲ್ಲಿಂಗ್‌ನವರು ದಿನವೂ ಜಗಳವಾಡುತ್ತಾರೆ. ಬೆಳಿಗ್ಗೆ ಆರರ ಹೊತ್ತಿಗೆ ಒಬ್ಬಳೇ ಇಪ್ಪತ್ತು ಜನರಿಗೆ ಕೊಡಬೇಕಾದಾಗ ಓದಿಸುವುದು ತಪ್ಪಿಹೋಗುತ್ತದೆ. ಮೇಜಿನ ಅಂಚನ್ನು ನಾನು ದಿನಾ ಬಗ್ಗಿ ನೋಡುತ್ತೇನೆ, ಇದುವರೆಗೆ ಪಟ್ಟಿಗಳು ಕಂಡಿಲ್ಲ.

ಕಳೆದ ವಾರ ಮತ್ತೆ ಇಬ್ಬರು ಲಕ್ಷ್ಮಮ್ಮನವರು ಒಂದೇ ಸಂಜೆ ದಾಖಲಾದರು. ರಾತ್ರಿ ಎಂಟಕ್ಕೆ ಹೊಸ ಹುಡುಗಿ ಕೈಪಟ್ಟಿಯನ್ನೂ ಪೊಟ್ಟಣವನ್ನೂ ಓದಿಸಿದಳು, ಹಸಿರು ಬಂತು. ಆದರೂ ಅಭ್ಯಾಸದಂತೆ "ಯಾವೂರಮ್ಮ?" ಎಂದು ಕೇಳಿದ್ದಾಳೆ. ಅವರು "ಗುಬ್ಬಿ ಹತ್ತಿರ ಕಣವ್ವ" ಎಂದರಂತೆ, ಪೊಟ್ಟಣದ ಮೇಲೆ ಕುಣಿಗಲ್ ಎಂದಿತ್ತು. ದಾಖಲಾತಿ ಮೇಜಿನಲ್ಲಿ ಎರಡೂ ಕೈಪಟ್ಟಿಗಳನ್ನು ಒಟ್ಟಿಗೆ ಮುದ್ರಿಸಿ, ಅದಲು ಬದಲಾಗಿ ಕಟ್ಟಿ ಕಳಿಸಿದ್ದರು. ಈಗ ಒಂದು ಪಟ್ಟಿಯನ್ನು ಕೈಗೆ ಕಟ್ಟಿದ ಮೇಲೆಯೇ ಇನ್ನೊಂದನ್ನು ಮುದ್ರಿಸಬೇಕೆಂದು ಆ ಮೇಜಿನ ಮೇಲೆ ಬರೆದು ಅಂಟಿಸಿದ್ದೇವೆ.